ಚಿಕ್ಕಬೀರಯ್ಯನ ದನಿ, ಕುಲ್ಸುಂ ಬಿಯ ಕುಕ್ಕರ್

ಹುಟ್ಟಿಸಿದ ಮಾದಪ್ಪ ಒಬ್ಬೊಬ್ಬರ ಮಡಿಲಿಗೆ ಒಂದೊಂದು ಹಾಕಿ ಕಳಿಸುತ್ತಾನೆ. ಕೆಲವರಿಗೆ ಹೊಲ, ಕೆಲವರಿಗೆ ಕೊಟ್ಟಿಗೆ ತುಂಬ ದನ, ಕೆಲವರಿಗೆ ಬರೀ ಬಾಯಿ. ಕಗ್ಗಲಿಹುಂಡಿಯ ಮಾದಣ್ಣನಿಗೆ ಒಂದು ದನಿ ಹಾಕಿ ಕಳಿಸಿದ್ದ. ಹಾಕುವಾಗ ಮಾತ್ರ ಅವನ ಕೈ ಯಾಕೋ ಬಿಗಿಯಾಗಿತ್ತು ಅಂತ ಊರಿನವರ ತೀರ್ಮಾನ. ದನಿ ಅಷ್ಟು ಸಣ್ಣ. ಹಿತ್ತಲಲ್ಲಿ ಮಾದಣ್ಣ ಹಾಡಿಕೊಂಡರೆ ಪಕ್ಕದ ಮನೆಯವರು ಬಾಗಿಲು ಕಿರುಗುಟ್ಟಿತು ಅಂತ ಎದ್ದು ನೋಡುತ್ತಿದ್ದರು.

ತೆರಕಣಾಂಬಿಯಿಂದ ಒಳದಾರಿ ಹಿಡಿದರೆ ಸಿಗುವ ಆ ಪುಟ್ಟ ಊರಿಗೆ ಮಾದಣ್ಣನೇ ಪಂಚಾಯ್ತಿ ನೀರುಗಂಟಿ. ಬೆಳಿಗ್ಗೆ ಟ್ಯಾಂಕಿನ ವಾಲ್ವು ತಿರುಗಿಸಿ ಮೇಲಿನ ಬೀದಿಗೆ ನೀರು ಬಿಡಬೇಕು, ಆಮೇಲೆ ಅದನ್ನು ಕಟ್ಟಿ ಕೆಳಗಿನ ಬೀದಿಗೆ ಬಿಡಬೇಕು. ಕೆಲಸ ಇಷ್ಟೇ. ಇಷ್ಟರಲ್ಲೇ ಅವನು ಎಡಬಲ ಮಾಡಿಕೊಂಡು, ನೀರು ಶಾಲೆಯ ಅಂಗಳಕ್ಕೆ ನುಗ್ಗಿ ಮಕ್ಕಳಿಗೆ ರಜ ಸಿಕ್ಕಿದ್ದೂ ಉಂಟು. ಹೆಂಗಸರು ಬಿಂದಿಗೆ ಹಿಡಿದು ಬೈಯಲು ಬಂದರೆ, "ವಾಲ್ವು ತಿರುಗಿಸ್ವಾಗ ಪದ ನೆಪ್ಪಾಗ್ಬುಡ್ತು ಕಣ್ರವ್ವ" ಅನ್ನುತ್ತಿದ್ದ. ಸುಳ್ಳಲ್ಲ. ಅವನಿಗೆ ಸದಾ ಪದವೇ ನೆಪ್ಪು.

ಅದು ವಂಶದಿಂದ ಬಂದದ್ದು. ಅವನಪ್ಪ ಚಿಕ್ಕಬೀರಯ್ಯ ಮಾದಪ್ಪನ ದೇವರಗುಡ್ಡ, ದೇವರ ಪದ ಹಾಡಲು ದೀಕ್ಷೆ ಪಡೆದವನು. ಕಂಸಾಳೆಯ ಕಂಚಿನ ತಾಳ ಹಿಡಿದು ಕೂತರೆ ಎದುರಿಗಿದ್ದವರು ಹಸಿವು ಮರೆಯುತ್ತಿದ್ದರಂತೆ. ಆ ಪುಣ್ಯಾತ್ಮ ಮಾದಪ್ಪನ ಪಾದ ಸೇರಿದಾಗ ಮಾದಣ್ಣನಿಗೆ ಇನ್ನೂ ಮೀಸೆ ಚಿಗುರುತ್ತಿತ್ತು. ಉಳಿದದ್ದು ಒಂದು ಕ್ಯಾಸೆಟ್ಟು. ಅದು ಊರ ಯಜಮಾನ ಗೋವಿಂದಯ್ಯನ ಪೆಟ್ಟಿಗೆಯಲ್ಲಿ, ವಿಭೂತಿಯ ಜೊತೆ ಇರುತ್ತಿತ್ತು.

ಆ ಊರಲ್ಲಿ ವರ್ಷಕ್ಕೊಮ್ಮೆ ಮಾದಪ್ಪನ ಪರ ಮಾಡುತ್ತಾರೆ. ಪರ ಅಂದರೆ ಹರಕೆಯ ಊಟ. ಗುಡಿಯ ಮುಂದೆ ಊರಿಗೆಲ್ಲ ಎಲೆ ಹಾಕಿ, ಮೊದಲ ಪದ ಹಾಡಿ ಮುಗಿಸಿದ ಮೇಲೇ ಅನ್ನಕ್ಕೆ ಕೈ ಹಾಕಬೇಕು. ಆ ಮೊದಲ ಪದ ಹಾಡುವುದು ಚಿಕ್ಕಬೀರಯ್ಯನ ಮನೆಯ ಹಕ್ಕು. ತಂದೆ ಹೋದ ಮೇಲೆ ಆ ಹಕ್ಕು ಮಗನಿಗೆ ಬರಬೇಕಿತ್ತು. ಬಂದದ್ದು ಕ್ಯಾಸೆಟ್ಟಿಗೆ. "ನಿಂದು ಪೀಪಿ ದನಿ ಕಣ್ಲಾ ಮಾದ. ಮಾದಪ್ಪ ಎದ್ದು ಓಗ್ಬುಡ್ತಾನೆ. ನೀನು ಜೊತೇಲಿ ಕಂಸಾಳೆ ಕುಟ್ಟು, ಸಾಕು" ಅಂದಿದ್ದ ಗೋವಿಂದಯ್ಯ. ಅಂದಿನಿಂದ ಟೇಪ್‌ರೆಕಾರ್ಡರು ಹಾಡುತ್ತಿತ್ತು, ಮಗ ಅದರ ಪಕ್ಕ ಕೂತು ಕುಟ್ಟುತ್ತಿದ್ದ.

ಪರದ ದಿನ ಕರೆಂಟನ್ನು ನಂಬುವಂತಿಲ್ಲವಲ್ಲ, ಟೇಪು ನಡೆಯುತ್ತಿದ್ದುದು ಸೆಲ್ಲಿನಲ್ಲಿ. ಗೋವಿಂದಯ್ಯ ದೈವಭಕ್ತ, ಅದಕ್ಕಿಂತ ಹೆಚ್ಚಾಗಿ ಜೋಪಾನಸ್ಥ. ಹೊಸ ಸೆಲ್ಲು ತರುವ ದುಂದು ಅವನ ಮನೆತನದಲ್ಲಿರಲಿಲ್ಲ. ಪರಕ್ಕೆ ಮುಂಚೆ ಹಳೆಯ ಸೆಲ್ಲುಗಳನ್ನು ತಾರಸಿಯ ಮೇಲೆ ಮೆಣಸಿನಕಾಯಿಯ ಪಕ್ಕದಲ್ಲಿ ಬಿಸಿಲಿಗೆ ಹರಡುತ್ತಿದ್ದ. "ಸೂರ್ಯನಾರಾಯಣ ತುಂಬ್ಕೊಡ್ತಾನೆ ಬುಡು" ಅನ್ನುತ್ತಿದ್ದ. ಸೂರ್ಯನಾರಾಯಣ ತನ್ನ ಕೈಲಾದಷ್ಟು ತುಂಬಿಕೊಡುತ್ತಿದ್ದ. ಟೇಪು ತನ್ನ ಕೈಲಾದಷ್ಟು ತಿರುಗುತ್ತಿತ್ತು. ಚಿಕ್ಕಬೀರಯ್ಯನ ದನಿ ಗುಹೆಯೊಳಗಿಂದ ಬಂದಂತೆ ಗಂಭೀರವಾಗಿ, ನಿಧಾನವಾಗಿ, ದಪ್ಪಗೆ ಬರುತ್ತಿತ್ತು. ವರ್ಷದಿಂದ ವರ್ಷಕ್ಕೆ ಇನ್ನೂ ದಪ್ಪ. "ನೋಡ್ರಪ್ಪಾ, ಸತ್ತ ಮೇಲೂ ಬೀರಣ್ಣನ ದನಿ ಮಾಗ್ತಾ ಅದೆ" ಅಂತ ಗೋವಿಂದಯ್ಯ ಕಣ್ಣೊರೆಸಿಕೊಳ್ಳುತ್ತಿದ್ದ. ಕಣ್ಣಿಗೆ ಪೊರೆ ಬರುವ ಹಾಗೆ ಕಿವಿಗೂ ಬರುತ್ತದೆ. ನಿಜವಾದ ಚಿಕ್ಕಬೀರಯ್ಯ ಹೇಗೆ ಹಾಡುತ್ತಿದ್ದ ಅನ್ನುವುದನ್ನು ಊರು ಯಾವಾಗಲೋ ಮರೆತಿತ್ತು.

ಈ ವರ್ಷ ಪರ ಹತ್ತಿರ ಬಂದಾಗ ಆ ಟೇಪ್‌ರೆಕಾರ್ಡರು ಕ್ಯಾಸೆಟ್ಟಿನ ಕರುಳನ್ನು ಹೊರಗೆಳೆದುಕೊಂಡು ತಾನೂ ಪ್ರಾಣ ಬಿಟ್ಟಿತು. ಗೋವಿಂದಯ್ಯ ಕರುಳನ್ನೆಲ್ಲ ಪೆನ್ಸಿಲ್ಲಿನಿಂದ ಒಳಕ್ಕೆ ಸುತ್ತಿ, ಕ್ಯಾಸೆಟ್ಟನ್ನು ಮಾದಣ್ಣನ ಕೈಗಿಟ್ಟ.

"ಗುಂಡ್ಲುಪೇಟೆಗೆ ಓಗು. ಹಿದಾಯತ್ ಸಾಬ್ರು ಇದ್ನ ಪೆನ್‌ಡ್ರೈವಿಗೆ ಆಕ್ಕೊಡ್ತಾರಂತೆ. ಬಸ್ಸಲ್ಲಿ ನಿದ್ದೆ ಮಾಡ್ಬ್ಯಾಡ. ನಿಮ್ಮಪ್ಪನ್ನ ಬಸ್ಸಲ್ಲೇ ಬುಟ್ಬಂದ್ಯಾ, ನಿನ್ನ ಊರಿಗೆ ಸೇರ್ಸಕಿಲ್ಲ."

ಗುಂಡ್ಲುಪೇಟೆಯ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಹಿದಾಯತ್ ಉಲ್ಲಾರ ಅಂಗಡಿ. ರೇಡಿಯೊ ರಿಪೇರಿಯ ಕಾಲದಲ್ಲಿ ಶುರುವಾದದ್ದು, ಈಗ ಬೋರ್ಡಿನಲ್ಲಿ 'ಡಿಜಿಟಲ್ ರೆಕಾರ್ಡಿಂಗ್ ಸ್ಟುಡಿಯೊ' ಅಂತಿತ್ತು. ಸ್ಟುಡಿಯೊ ಅಂದರೆ ಅಂಗಡಿಯ ಹಿಂದಿನ ಕೋಣೆ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ, ಬಾಗಿಲಿಗೆ ರಜಾಯಿ ಇಳಿಬಿಟ್ಟಿದ್ದರು. ರಜಾಯಿಯ ಆಚೆ ಅಡುಗೆಮನೆ. ಬಟ್ಟೆ ಅಂಗಡಿಯ ಸೇಲು, ಕಳೆದುಹೋದ ಮೇಕೆ, ಸಂತೆ ದಿನ ಬದಲಾದದ್ದು, ಹೀಗೆ ಆಟೋದಲ್ಲಿ ಕೂಗುವುದೆಲ್ಲ ಅಲ್ಲೇ ರೆಕಾರ್ಡಾಗುತ್ತಿತ್ತು.

"ಇದ್ರೊಳಗೆ ನಮ್ಮಪ್ಪವ್ರೆ ಸಾಬ್ರೆ. ಜೋಪಾನ" ಅಂದ ಮಾದಣ್ಣ.

"ಕೂಸು ಎತ್ಕೊಂಡಂಗೆ ಎತ್ಕೋತೀನಿ ಮಾದಣ್ಣೋರೆ" ಅಂತ ಹಿದಾಯತ್ ಎರಡೂ ಕೈಯಲ್ಲಿ ಕ್ಯಾಸೆಟ್ಟು ತೆಗೆದುಕೊಂಡರು. ಒರೆಸಿ, ತಮ್ಮ ದೊಡ್ಡ ಡೆಕ್ಕಿಗೆ ಹಾಕಿ, ಹಾಡನ್ನು ಕಂಪ್ಯೂಟರಿಗೆ ಇಳಿಸುತ್ತ ಹೆಡ್‌ಫೋನು ಏರಿಸಿಕೊಂಡರು. ಮಾದಣ್ಣ ಅಷ್ಟರಲ್ಲಿ ಪಂಚಾಯ್ತಿಗೆ ವಾಲ್ವಿನ ವಾಷರು ತರಲು ಹೋದ. ವಾಪಸು ಬರುವಾಗ ಹಿದಾಯತ್ ಕಣ್ಣು ಒದ್ದೆಯಾಗಿತ್ತು.

"ಏನ್ ಹಾಡು! ಏನ್ ಹಾಡು! ಮಾದಣ್ಣೋರೆ, ನಿಮ್ಮ ದನಿ ಥೇಟ್ ನಿಮ್ಮ ತಂದೇದೇ."

ಗಿರಾಕಿಯ ಮನಸ್ಸು ನೋಯಿಸಬಾರದು ಅನ್ನುವುದು ಗುಂಡ್ಲುಪೇಟೆಯ ವ್ಯಾಪಾರಿಗಳ ಧರ್ಮ ಅಂತ ಮಾದಣ್ಣನಿಗೆ ಗೊತ್ತಿತ್ತು. "ಸುಮ್ನಿರಿ ಸಾಬ್ರೆ. ಹಸ್ದವ್ನ ಮುಂದೆ ಕಜ್ಜಾಯದ ಮಾತಾಡ್ಬ್ಯಾಡಿ" ಅಂದ.

"ಹಂಗಾದ್ರೆ ನೀವೂ ಒಂದು ಪದ ಹಾಡಿ. ಅದೇ ಪೆನ್‌ಡ್ರೈವಲ್ಲಿ ಅಪ್ಪನ ಪಕ್ಕ ಮಗ ಇರ್ಲಿ."

ಆಸೆ ಅನ್ನುವುದು ಮೂಲೆಯಲ್ಲಿ ಮಲಗಿದ ಬೆಕ್ಕು. ಹಾಲಿನ ವಾಸನೆ ಬಂದರೆ ಸಾಕು. ಮಾದಣ್ಣ ಚಪ್ಪಲಿ ಬಿಟ್ಟು ಮೈಕಿನ ಮುಂದೆ ಕೂತೇಬಿಟ್ಟ. ಅಷ್ಟರಲ್ಲಿ ಕರೆಂಟು ಹೋಯಿತು. ಕಂಪ್ಯೂಟರು ಕಣ್ಣು ಮುಚ್ಚಿತು. ಕರೆಂಟು ಬಂತು. ಕಂಪ್ಯೂಟರು ಗೊಣಗುತ್ತ ಎದ್ದಿತು. ಎದ್ದದ್ದು ಯಾವ ಮಗ್ಗುಲಲ್ಲಿ ಎಂದು ಇಬ್ಬರೂ ನೋಡಲಿಲ್ಲ.

ಮಾದಣ್ಣ ಕಣ್ಣು ಮುಚ್ಚಿ, ಅವನ ಅಭ್ಯಾಸದಂತೆ ಮೂಗನ್ನು 'ಸೊರಕ್' ಅಂತ ಎಳೆದುಕೊಂಡು, ಮೊದಲ ಪದ ಎತ್ತಿದ. ನಡುವೆ ಒಂದು ಸಾಲು ಮರೆತು, "ಅಯ್ಯೋ ಮಾದೇವ" ಅಂದು ಮತ್ತೆ ಹಿಡಿದ. ಕೊನೆಯ ಸಾಲಿಗೆ ಸರಿಯಾಗಿ ರಜಾಯಿಯ ಆಚೆ ಹಿದಾಯತ್ ಹೆಂಡತಿ ಕುಲ್ಸುಂ ಬಿಯ ಕುಕ್ಕರು ಕೂಗಿತು.

"ಇನ್ನೊಂದ್ಸಲ ಹಾಡಿ, ಸೀಟಿ ಬಂತು" ಅಂದರು ಹಿದಾಯತ್.

"ಬಸ್ಸು ಓಯ್ತದೆ ಸಾಬ್ರೆ. ಯಾರ್ ಕೇಳ್ತಾರೆ ನಂದ, ಇರ್ಲಿ ಬುಡಿ."

ಪೆನ್‌ಡ್ರೈವು ಊರು ಸೇರಿತು. ಮಾದಣ್ಣನ ಹೆಂಡತಿ ಮಲ್ಲಿಗಮ್ಮ ಅದಕ್ಕೆ ಅರಿಶಿನ ಮುಟ್ಟಿಸಿ, ಗುಡಿಯ ಕೆಂಪು ದಾರ ಕಟ್ಟಿಕೊಟ್ಟಳು. ಗೋವಿಂದಯ್ಯನ ಜಗಲಿಯಲ್ಲಿ, ಬಣ್ಣದ ದೀಪ ಕುಣಿಯುವ ಸ್ಪೀಕರ್ ಡಬ್ಬಕ್ಕೆ ಅದನ್ನು ಚುಚ್ಚಿದರು. ಜನ ಕೈಕಟ್ಟಿ ನಿಂತರು. ಮಾದಣ್ಣ ಗಂಟಲು ಸರಿಮಾಡಿಕೊಂಡು, "ಅಪ್ಪನ್ ಜೊತೆ ನಂದೂ ಒಂದ್ ಪದ ಅದೆ" ಅಂತ ನೆಲ ನೋಡಿದ.

ಮೊದಲನೆಯ ಹಾಡು ಬಂತು. ಸಣ್ಣ ದನಿ.

"ಬಂತಲ್ಲ ಪೀಪಿ! ತೆಗೀರ್ಲಾ, ತೆಗೀರ್ಲಾ" ಅಂದ ಗೋವಿಂದಯ್ಯ. ಎಲ್ಲರೂ ನಕ್ಕರು. ಮಾದಣ್ಣನೂ ನಕ್ಕ. ತನ್ನ ದನಿ ಇಷ್ಟು ಬಡವೇ ಅಂತ ಒಳಗೇ ನೊಂದುಕೊಂಡ.

ಎರಡನೆಯದು ಬಂತು. ದಪ್ಪ ದನಿ. ಬೆಟ್ಟದ ಮೇಲಿಂದ ಮೋಡ ಇಳಿದ ಹಾಗೆ.

"ಬೀರಣ್ಣಾ!" ಅಂತ ಗೋವಿಂದಯ್ಯ ಟವಲು ಕಣ್ಣಿಗೊತ್ತಿದ. ಸಾಲು ನಿಂತು "ಅಯ್ಯೋ ಮಾದೇವ" ಅಂದಾಗ, "ನೋಡ್ರಲಾ, ಭಕ್ತಿ ಉಕ್ಕಿ ಸೊಲ್ಲೇ ಒರಡ್ತಿಲ್ಲ" ಅಂದ. ಕೊನೆಯಲ್ಲಿ 'ಭೋಂ' ಅಂತ ಒಂದು ಸದ್ದು ಬಂದಾಗ ಇಡೀ ಜಗಲಿ ಕೈಮುಗಿಯಿತು. "ಶಂಖ! ಈವರ್ಗೂ ಕ್ಯಾಸೆಟ್ಟಲ್ಲಿ ಈ ಶಂಖ ಇರ್ನಿಲ್ಲ ಕಣ್ರಪ್ಪಾ. ಬೀರಣ್ಣ ಕೈಲಾಸದಿಂದ ಕಳಿಸವ್ನೆ!"

ಮಾದಣ್ಣನೂ ಕೈಮುಗಿದ. ಅವನ ಕಣ್ಣಲ್ಲೂ ನೀರು. ತನ್ನ ಹಾಡಿಗೆ ತಾನೇ ಅತ್ತು, ಅಪ್ಪನ ಹಾಡಿಗೆ ತಾನೇ ನಾಚಿದ ಮಗ ಈ ಭೂಮಂಡಲದಲ್ಲಿ ಅವನೊಬ್ಬನೇ ಇರಬೇಕು.

ಸುದ್ದಿಗೆ ಕಾಲಿಲ್ಲದಿದ್ದರೂ ಅದು ಬಸ್ಸಿಗಿಂತ ಮುಂಚೆ ತೆರಕಣಾಂಬಿ ತಲುಪಿತು. ಶಂಖದ ಹಾಡು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಟೀ ಅಂಗಡಿಯವನು ಅದನ್ನು ಹಾಕಿದ ಮೇಲೇ ಒಲೆ ಹಚ್ಚತೊಡಗಿದ. ಬೇಗೂರಿನಿಂದ ಒಬ್ಬರು ಹಾಲು ಕಡಿಮೆಯಾದ ಹಸುವಿನ ಕಿವಿಗೆ ಕೇಳಿಸಿ, ಹಾಲು ಹೆಚ್ಚದಿದ್ದರೂ ಹಸು ಒದೆಯುವುದನ್ನು ಬಿಟ್ಟಿತು ಅಂತ ಹೇಳಿಕೊಂಡು ಬಂದರು. ಗೋವಿಂದಯ್ಯ ಈಗ ಒಂದು ಹೊಸ ತೀರ್ಪು ಕೊಟ್ಟ: ಇಂಥ ದಿವ್ಯವಾದ ಹಾಡಿನ ಜೊತೆ ಮಾದಣ್ಣ ಕಂಸಾಳೆ ಕುಟ್ಟಿ ಕೆಡಿಸುವುದು ಬೇಡ.

"ಮತ್ತೆ ನಾನೇನ್ ಮಾಡ್ಲಿ ಅಯ್ಯಾ?"

"ನೀರುಗಂಟಿ ಅಲ್ವಾ? ಪಂಕ್ತೀಲಿ ನೀರು ಬಡ್ಸು."

ಇದ್ದ ಒಂದು ಎಳೆಯೂ ಕಿತ್ತುಹೋಯಿತು. ಹಾಡಲಂತೂ ಇಲ್ಲ, ಕುಟ್ಟಲೂ ಇಲ್ಲ. ಮಾದಣ್ಣ ಮನೆಗೆ ಬಂದು, ಕಂಸಾಳೆಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟು, ಮೊಬೈಲಿನಲ್ಲಿ ದಪ್ಪ ದನಿ ಹಾಕಿಕೊಂಡು ಗೋಡೆಗೊರಗಿದ. ಮಲ್ಲಿಗಮ್ಮ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿದಳು.

"ಇನ್ನೊಂದ್ಸಲ ಆಕು ಅದ."

ಹಾಕಿದ.

"ಇದು ನೀನು ಕಣ."

"ಉಚ್ಚು ಗಿಚ್ಚು ಇಡೀತಾ ನಿಂಗೆ? ಇದು ಅಪ್ಪ."

"ನಿಮ್ಮಪ್ಪ ಪದ ಮರೀತಿದ್ರಾ?"

"ಅಪ್ಪ? ಸಾಯೋ ಗಳಿಗೇಲೂ ಒಂದ್ ಸಾಲು ಮರೀನಿಲ್ಲ."

"ಮೂಗು ಎಳ್ಕೊತಿದ್ರಾ? ಕೇಳು, ಸಾಲಿಗೊಂದ್ಸಲ ಸೊರಕ್, ಸೊರಕ್. ಮದ್ವೆ ಆದಾಗ್ನಿಂದ ಈ ಮೂಗಿನ ಪಕ್ಕ ಮಲಗಿವ್ನಿ. ಬ್ಯಾರೆಯವರ ಮೂಗು ನಂಗೆ ಗೊತ್ತಾಗಕಿಲ್ವಾ?"

ಮಾದಣ್ಣನಿಗೆ ಹಾವು ಕಂಡಂತಾಯಿತು. ಹಾಡು ಮತ್ತೆ ಮತ್ತೆ ಕೇಳಿದ. ಮೂಗು ತನ್ನದೇ. ಮರೆವೂ ತನ್ನದೇ. ಗಂಟಲು ಮಾತ್ರ ಯಾರದೋ. ಎದ್ದವನೇ ಗೋವಿಂದಯ್ಯನ ಜಗಲಿಗೆ ಓಡಿದ.

"ಅಯ್ಯಾ, ಆ ದಪ್ಪ ದನಿ ನಂದು!"

ಜಗಲಿ ಬಿದ್ದು ಬಿದ್ದು ನಕ್ಕಿತು. ಗೋವಿಂದಯ್ಯ ಎಲೆಯಡಿಕೆ ನುಂಗಿಕೊಂಡು ಕೆಮ್ಮಿದ. "ಅಂಗಾದ್ರೆ ಆ ಪೀಪಿ ದನಿ ಯಾರ್ದ್ಲಾ? ನಿಮ್ಮಪ್ಪಂದಾ?"

ಆ ಪ್ರಶ್ನೆಯನ್ನು ಹೊತ್ತುಕೊಂಡು ಮಾದಣ್ಣ ಮನೆಗೆ ವಾಪಸಾದ. ಅಲ್ಲಿಯವರೆಗೆ ಅವನೂ ಅದನ್ನು ಕೇಳಿಕೊಂಡಿರಲಿಲ್ಲ.

ಮಾರನೆಯ ದಿನ ಗಂಡಹೆಂಡಿರು ಗುಂಡ್ಲುಪೇಟೆಯ ಬಸ್ಸು ಹತ್ತಿದರು. ಹಿದಾಯತ್ ಮಾದಣ್ಣನ ಮೊಬೈಲಿನಲ್ಲಿ ದಪ್ಪ ದನಿ ಕೇಳಿದರು. ತಲೆ ಕೆರೆದುಕೊಂಡರು. ಟೋಪಿ ತೆಗೆದು ಮತ್ತೊಮ್ಮೆ ಕೆರೆದುಕೊಂಡರು. "ನೀವೇ ಹಾಡಿದ್ದು ಮಾದಣ್ಣೋರೆ, ನನ್ನ ಕಣ್ಣ ಮುಂದೆ ಹಾಡಿದ್ದು. ಆದ್ರೆ ಇದು ನೀವಲ್ಲ!"

ಅಷ್ಟರಲ್ಲಿ ಹಾಡು ಮುಗಿದು 'ಭೋಂ' ಅಂತ ಶಂಖ ಬಂತು. ರಜಾಯಿ ಸರಿಯಿತು. ಸೌಟು ಹಿಡಿದು ಕುಲ್ಸುಂ ಬಿ ನಿಂತಿದ್ದರು.

"ಏನದು?"

"ನಿನ್ನ ಕುಕ್ಕರೇ. ಅವತ್ತು ಕೂಗಿತ್ತಲ್ಲ."

"ಅಜೀ, ಅದು ನನ್ನ ಕುಕ್ಕರ್ ಅಲ್ಲ" ಅಂದರು ಕುಲ್ಸುಂ ಬಿ, ಮನೆಯ ಮಾನಕ್ಕೆ ಪೆಟ್ಟು ಬಿದ್ದವರಂತೆ. "ನಂದು ತವರುಮನೆಯವರು ಕೊಟ್ಟ ಕುಕ್ಕರ್. ಕೋಗಿಲೆ ಹಂಗೆ ಕೂಗ್ತದೆ. ಇದು ಎಮ್ಮೆ."

ಹಿದಾಯತ್ ಕುರ್ಚಿಯಿಂದ ಎದ್ದರು. "ಕುಲ್ಸುಂ! ಬೇಳೆ ಇಡು!"

ಆ ಅಂಗಡಿಯಲ್ಲಿ ಅಂದು ನಡೆದದ್ದನ್ನು ವಿಜ್ಞಾನ ಅನ್ನಬೇಕೋ ಸಮಾರಾಧನೆ ಅನ್ನಬೇಕೋ ಹೇಳುವುದು ಕಷ್ಟ. ಕುಕ್ಕರ್ ಕೂಗಿತು, ರೆಕಾರ್ಡ್ ಮಾಡಿದರು, ಕೇಳಿದರು: ಕೋಗಿಲೆ. ಮೇನ್ ಸ್ವಿಚ್ ತೆಗೆದು ಹಾಕಿ, ಕಂಪ್ಯೂಟರನ್ನು ಮಲಗಿಸಿ ಎಬ್ಬಿಸಿ, ಮತ್ತೆ ಬೇಳೆ ಇಟ್ಟು, ರೆಕಾರ್ಡ್ ಮಾಡಿ ಕೇಳಿದರು: ಎಮ್ಮೆ. ಮತ್ತೊಮ್ಮೆ ಮಲಗಿಸಿ ಎಬ್ಬಿಸಿದರು: ಕೋಗಿಲೆ. ಕಂಪ್ಯೂಟರು ಬಿಸಿಯಾದ ಮೇಲೆ ಕೇಳಿದರೆ ಕೋಗಿಲೆಯಿಂದ ಎಮ್ಮೆಗೆ ಇಳಿಯುವ ದಾರಿಯಲ್ಲಿ ಎಲ್ಲೋ ಮೇಕೆ. ಬೆಂದ ಬೇಳೆ ಸುಮ್ಮನೆ ಹೋಗಬಾರದಲ್ಲ; ಕುಲ್ಸುಂ ಬಿ ಅದನ್ನು ಅಕ್ಕಪಕ್ಕಕ್ಕೆ ಹಂಚಿದರು. "ಏನ್ ವಿಶೇಷ ಬೀಬಿ?" ಅಂತ ಕೇಳಿದವರಿಗೆ, "ಕಂಪ್ಯೂಟರಿಗೆ ಗಂಟಲು ಕೆಟ್ಟಿದೆ" ಅಂದರು. ಕೆಲವರು ಪಾಪ ಅಂದುಕೊಂಡು ಉಪ್ಪಿನಕಾಯಿ ಕಳಿಸಿಕೊಟ್ಟರು.

ಕೊನೆಗೆ ಹಿದಾಯತ್ ಕಂಪ್ಯೂಟರಿನ ಬೆನ್ನಿನಿಂದ ಒಂದು ಪುಟ್ಟ ಹಲಗೆಯನ್ನು ಕಿತ್ತು ಅಂಗೈ ಮೇಲಿಟ್ಟುಕೊಂಡರು.

"ಇದೇ ಸೌಂಡ್ ಕಾರ್ಡು ಮಾದಣ್ಣೋರೆ. ಕಂಪ್ಯೂಟರಿನ ಕಿವಿ. ನೀವು ಹಾಡಿದ್ರೆ ಆ ದನೀನ ಚೂರು ಚೂರು ಮಾಡಿ ಒಳಕ್ಕೆ ಕಳಿಸ್ತದೆ. ಸೆಕೆಂಡಿಗೆ ಇಷ್ಟು ಸಾವಿರ ಚೂರು ಅಂತ ಲೆಕ್ಕ. ಅವತ್ತು ಕರೆಂಟು ಹೋಗಿಬಂದ ಮೇಲೆ ಇದಕ್ಕೆ ಮತಿ ತಪ್ತು. ಇದು ನಲವತ್ತೆಂಟು ಸಾವಿರ ಚೂರು ಮಾಡ್ತು, ಕಂಪ್ಯೂಟರು ಇಪ್ಪತ್ನಾಲ್ಕು ಸಾವಿರ ಅಂದ್ಕೊಂಡು ಬರ್ಕೊಳ್ತು. ವಾಪಸ್ ಹಾಡುವಾಗ ಆ ಕಮ್ಮಿ ಲೆಕ್ಕದಲ್ಲೇ ಬಿಡ್ತು."

ಮಲ್ಲಿಗಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಮಾದಣ್ಣ ಮಾತ್ರ ಮೊದಲ ಬಾರಿಗೆ ಬದುಕಿನಲ್ಲಿ ಒಂದು ವಿಷಯ ಥಟ್ಟನೆ ತಿಳಿದವನಂತೆ ಕಣ್ಣರಳಿಸಿದ.

"ಅಂದ್ರೆ ಟ್ಯಾಂಕಿಗೆ ತುಂಬೋ ಪೈಪು ದಪ್ಪ, ಬುಡೋ ಪೈಪು ಸಣ್ಣ. ತುಂಬಿದ್ ನೀರು ಈಚೆಗ್ ಬರಕೆ ಒತ್ತು ಜಾಸ್ತಿ ಇಡೀತದೆ."

"ಸೈ! ಹೊತ್ತು ಜಾಸ್ತಿ ಆದ್ರೆ ಹಾಡು ನಿಧಾನ. ನಿಧಾನ ಆದ್ರೆ ದನಿ ದಪ್ಪ."

ಹಿದಾಯತ್ ಮೂಲೆಯಿಂದ ಬೇರೆ ಕಾರ್ಡು ಹುಡುಕಿ ಕೂರಿಸಿ, ಎರಡೂ ಕಡೆಯ ಲೆಕ್ಕ ಒಂದೇ ಮಾಡಿ, ಕುಕ್ಕರನ್ನು ಇನ್ನೊಮ್ಮೆ ರೆಕಾರ್ಡ್ ಮಾಡಿದರು. ಮೇನ್ ಸ್ವಿಚ್ ತೆಗೆದು ಹಾಕಿ ನೋಡಿದರೂ ಲೆಕ್ಕ ಕದಲಲಿಲ್ಲ. ಅದನ್ನು ಜೋರಾಗಿ ಹಾಕಿದಾಗ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಕುಲ್ಸುಂ ಬಿ, "ಅಯ್ಯೋ ಬೇಳೆ ಸೀದೋಯ್ತು" ಅಂತ ಓಡಿಬಂದು, ಆರಿದ ಒಲೆಯನ್ನು ಆರಿಸಿದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವ ಸೌಂಡ್ ಕಾರ್ಡಿಗೂ ಸಿಕ್ಕಿಲ್ಲ.

ಆಮೇಲೆ ಮಲ್ಲಿಗಮ್ಮ ಮೆಲ್ಲಗೆ ಕೇಳಿದಳು. "ಅಂಗಾದ್ರೆ ಆ ಸಣ್ಣ ದನಿ ಯಾರ್ದು ಸಾಬ್ರೆ?"

"ಅದು ಇವ್ರ ತಂದೇದು. ಅದನ್ನ ಕರೆಂಟು ಹೋಗೋಕೆ ಮುಂಚೇನೇ ಮಾಡಿದ್ದು, ಲೆಕ್ಕ ಸರಿಯಾಗಿದೆ. ನಾನು ಅವತ್ತೇ ಹೇಳ್ಲಿಲ್ವಾ, ಥೇಟ್ ಇವ್ರ ದನಿ ಅಂತ?"

"ಅಪ್ಪಂದು ದಪ್ಪ ದನಿ ಸಾಬ್ರೆ! ವರ್ಷ ವರ್ಷ ಪರದಲ್ಲಿ ಕೇಳಿವ್ನಿ!" ಅಂದ ಮಾದಣ್ಣ.

"ಯಾವ ಟೇಪಲ್ಲಿ? ಸೆಲ್ಲು ಸರಿಯಾಗಿತ್ತಾ?"

ಮಾದಣ್ಣ ಬಾಯಿ ತೆರೆದ. ಮೆಣಸಿನಕಾಯಿಯ ಪಕ್ಕ ಬಿಸಿಲು ಕಾಯಿಸುತ್ತಿದ್ದ ಸೆಲ್ಲುಗಳು ಸಾಲಾಗಿ ಅವನ ಕಣ್ಣ ಮುಂದೆ ಬಂದವು. ಹಿದಾಯತ್ ಕ್ಯಾಸೆಟ್ಟಿನ ಹಾಡು ಹಾಕಿದರು. ಊರೆಲ್ಲ ನಕ್ಕ ಆ ಸಣ್ಣ ದನಿ ಮೊಟ್ಟೆ ಟ್ರೇಯ ಗೋಡೆಗಳ ನಡುವೆ ರೇಷ್ಮೆ ಎಳೆಯಂತೆ ಹೊರಟಿತು. ಎಲ್ಲೂ ಮೂಗೆಳೆತವಿಲ್ಲ. ಒಂದು ಸಾಲೂ ಮರೆತಿಲ್ಲ.

"ಅಪ್ಪಂದೂ ಪೀಪೀನೇ?" ಅಂದ ಮಾದಣ್ಣ. ಅಳುತ್ತಿದ್ದನೋ ನಗುತ್ತಿದ್ದನೋ, ಮುಖ ಎರಡಕ್ಕೂ ಸಾಕಾಗುವಂತಿತ್ತು. "ಮಲ್ಲೀ, ನಮ್ಮಪ್ಪಂದೂ ಪೀಪಿ ಕಣಾ!"

ಹಿದಾಯತ್ ಅವನಿಂದ ಮತ್ತೆ ಒಂದು ಪದ ಹಾಡಿಸಿ, ಅಪ್ಪನ ಹಾಡನ್ನೂ ಮಗನ ಹಾಡನ್ನೂ ಸರಿಯಾದ ಲೆಕ್ಕದಲ್ಲಿ ಹೊಸ ಪೆನ್‌ಡ್ರೈವಿಗೆ ಹಾಕಿ, ಗುರುತಿಗೆ ಒಂದು ಕೆಂಪು ದಾರ ಕಟ್ಟಿದರು. "ಪರಕ್ಕೆ ನೀವಿಬ್ರೂ ಬರ್ಬೇಕು. ನಾನೊಬ್ನೇ ಏಳಿದ್ರೆ ನಂಬಕಿಲ್ಲ" ಅಂದ ಮಾದಣ್ಣ. ಕುಲ್ಸುಂ ಬಿ ಒಪ್ಪಿದರು. "ಕುಕ್ಕರ್ ತರ್ತೀನಿ. ಎಮ್ಮೆ ಅನ್ನೋ ಮಾತು ಆ ಊರಲ್ಲಿ ಉಳೀಬಾರ್ದು."

ಪರದ ದಿನ ಬಂತು. ಗುಡಿಯ ಮುಂದೆ ಸಾಲು ಸಾಲು ಎಲೆ. ಅನ್ನದ ಹೊಗೆ, ಕಜ್ಜಾಯದ ಘಮ. ಸ್ಪೀಕರ್ ಡಬ್ಬಕ್ಕೆ ಹೂವಿನ ಹಾರ. ಸಂತೆಮರಹಳ್ಳಿಯಿಂದ ಬಸ್ಸಿಳಿದು, ಕೋಲೂರಿಕೊಂಡು ಚಿಕ್ಕಮಲ್ಲಮ್ಮ ಬಂದಿದ್ದರು. ಚಿಕ್ಕಬೀರಯ್ಯನ ಒಡಹುಟ್ಟಿದ ತಂಗಿ. ಅಣ್ಣ ಹೋದ ಮೇಲೆ ಈ ಊರಿನ ಮಣ್ಣು ಮೆಟ್ಟಲು ಮನಸ್ಸಾಗದೆ ಪರಕ್ಕೇ ಬಾರದಿದ್ದವರು, ಅಣ್ಣನ ದನಿ ಶಂಖದ ಸಮೇತ ಬಂದಿದೆಯೆಂಬ ಸುದ್ದಿಗೆ ಮಂಡಿನೋವು ಮರೆತು ಬಂದಿದ್ದರು. ಗೋವಿಂದಯ್ಯ ಅವರನ್ನು ಮುಂದಿನ ಚಾಪೆಯಲ್ಲಿ ಕೂರಿಸಿ, ತನ್ನ ಪೆನ್‌ಡ್ರೈವು ಚುಚ್ಚಿ, ಮೀಸೆ ತಿರುವಿದ.

ದಪ್ಪ ದನಿ ಎದ್ದಿತು. ಊರು ಕೈಮುಗಿಯಿತು. ಚಿಕ್ಕಮಲ್ಲಮ್ಮ ಕಿವಿಗೆ ಕೈಯಿಟ್ಟು ಕೇಳಿದರು. ಎರಡು ಸಾಲು ತಡೆದುಕೊಂಡರು.

"ಯಾರಪ್ಪಾ ಇದು? ಕಳದೋದ ಎಮ್ಮೆ ಹುಡುಕ್ತಾ ಅವ್ನಾ?"

ಗೋವಿಂದಯ್ಯನ ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು. "ನಿಮ್ಮಣ್ಣ ಕಣವ್ವಾ!"

"ನಮ್ಮಣ್ಣ ಹೊತ್ತಾಡ್ಸಿ ಬೆಳ್ಸಿದ ತಂಗಿ ನಾನು. ನಂಗೇ ಹೇಳ್ಕೊಡ್ತೀಯಾ ಗೋವಿಂದಾ?"

ಇದೇ ಸಮಯವೆಂದು ಹಿದಾಯತ್ ಸಾಲಿನ ಕೊನೆಯಿಂದ ಕಣ್ಸನ್ನೆ ಮಾಡುತ್ತಲೇ ಇದ್ದರು. ನೀರಿನ ಚೊಂಬು ಕೆಳಗಿಟ್ಟು ಮಾದಣ್ಣ ಮುನ್ನುಗ್ಗಿದ. ಸ್ಪೀಕರಿನಿಂದ ಹಳೆಯದನ್ನು ಕಿತ್ತ, ಜೇಬಿನಿಂದ ಹೊಸದನ್ನು ತೆಗೆದ, ಬೆವರೊರೆಸಿಕೊಳ್ಳಲು ಎರಡನ್ನೂ ಒಂದೇ ಕೈಗೆ ಹಾಕಿಕೊಂಡ. ಒರೆಸಿಕೊಂಡು ನೋಡಿದರೆ, ಎರಡೂ ಕಪ್ಪು. ಎರಡಕ್ಕೂ ಕೆಂಪು ದಾರ. ಒಂದು ಹೆಂಡತಿಯ ಭಕ್ತಿಯದು, ಒಂದು ಹಿದಾಯತರ ಗುರುತಿನದು.

"ಯಾವ್ದ್ಲಾ ಅದು? ಏನ್ಲಾ ಮಾಡ್ತಿದ್ದೀಯೆ?" ಅಂತ ಗೋವಿಂದಯ್ಯ ಗುಡುಗಿದ. "ಅನ್ನ ಆರ್ತದೆ!" ಅಂತ ಸಾಲಿನಿಂದ ಕೂಗಿದರು. "ಎಡಗೈದು! ಅಲ್ಲ, ಬಲಗೈದು!" ಅಂತ ಮಲ್ಲಿಗಮ್ಮ ದೂರದಿಂದ ಕೈ ಬೀಸಿದಳು. ಎರಡೂ ಎಡಗೈಯಲ್ಲೇ ಇದ್ದವು.

ಮಾದಣ್ಣ ಗುಡಿಯ ಕಡೆ ನೋಡಿದ. ಒಳಗೆ ದೀಪ ಅಲುಗಾಡದೆ ಉರಿಯುತ್ತಿತ್ತು. ತಿಳಿದವರು ಹೇಳುತ್ತಾರೆ, ಎಲ್ಲ ವಾಲ್ವೂ ಗೊಂದಲವಾದಾಗ ಹೊಳೆ ತನ್ನ ದಾರಿ ತಾನೇ ಹಿಡಿಯುತ್ತದೆ ಅಂತ. ಅವನು ಎರಡೂ ಪೆನ್‌ಡ್ರೈವುಗಳನ್ನು ಸ್ಪೀಕರಿನ ತಲೆಯ ಮೇಲಿಟ್ಟ. ಕೈ ಮುಗಿದ. ಸೊರಕ್ ಅಂತ ಮೂಗೆಳೆದುಕೊಂಡ. ಮೊದಲ ಪದ ಎತ್ತಿದ.

ಸಣ್ಣ ದನಿ. ಕಂಸಾಳೆಯಿಲ್ಲ, ಮೈಕಿಲ್ಲ. "ಲೋ ಮಾದ" ಅಂತ ಗೋವಿಂದಯ್ಯ ಎದ್ದ. ಅವನಿಗಿಂತ ಮುಂಚೆ ಚಿಕ್ಕಮಲ್ಲಮ್ಮನ ಕೋಲು ಎದ್ದಿತ್ತು. "ಕೂತ್ಕೋ ಗೋವಿಂದಾ!"

ಅವರು ಕಣ್ಣು ಮುಚ್ಚಿಕೊಂಡಿದ್ದರು. ಆ ಮುದುಕಿ ಕ್ಯಾಸೆಟ್ಟನ್ನು ಕೇಳಿದವರೇ ಅಲ್ಲ. ಅವರ ಕಿವಿಯಲ್ಲಿದ್ದದ್ದು ಹೊಲದ ಬದುವಿನ ಮೇಲೆ, ಹಟ್ಟಿಯ ಅಂಗಳದಲ್ಲಿ ಹಾಡುತ್ತಿದ್ದ ಅಣ್ಣ ಮಾತ್ರ. ಪದ ಅರ್ಧಕ್ಕೆ ಬಂದಾಗ ಅವರು, "ಅಣ್ಣಾ, ಎಷ್ಟ್ ದಿನ ಆಯ್ತಪ್ಪಾ ನಿನ್ನ ಕೇಳಿ" ಅಂದರು. ಜೋರಾಗಿಯೇನಲ್ಲ. ಆದರೆ ಊರಿಗೆಲ್ಲ ಕೇಳಿಸಿತು. ಅಲ್ಲಿಂದ ಯಾರೂ ಅನ್ನದ ಮಾತಾಡಲಿಲ್ಲ. ಮಾದಣ್ಣ ಆ ದಿನ ಒಂದು ಸಾಲನ್ನೂ ಮರೆಯಲಿಲ್ಲ.

ಪದ ಮುಗಿದ ಮೇಲೆ ಹಿದಾಯತ್ ಬಂದು, ಎರಡರಲ್ಲಿ ತಮ್ಮ ಗಂಟಿನ ದಾರ ಗುರುತಿಸಿ, ಕ್ಯಾಸೆಟ್ಟಿನ ಹಾಡು ಹಾಕಿದರು. ಈಗಷ್ಟೇ ಮಗ ಹಾಡಿದ ದನಿಯೇ, ಇನ್ನಷ್ಟು ಪಳಗಿ, ಸ್ಪೀಕರಿನಿಂದ ಬಂತು. ನಕ್ಕವರು ತಲೆ ತಗ್ಗಿಸಿದರು. ಹಿದಾಯತ್ ಸೌಂಡ್ ಕಾರ್ಡಿನ ಕತೆಯನ್ನೂ ಶಂಖವಾದ ಕುಕ್ಕರಿನ ಕತೆಯನ್ನೂ ಹೇಳಿದರು. ಮಾದಣ್ಣ ಪೈಪಿನ ಕತೆ ಹೇಳಿದ. ಸೆಲ್ಲಿನ ಕತೆಯನ್ನು ಯಾರೂ ಹೇಳಬೇಕಾಗಲಿಲ್ಲ. ಗೋವಿಂದಯ್ಯ ತನ್ನ ತಾರಸಿಯ ಕಡೆ ತಿರುಗಿ ನೋಡಿದ, ಮೆಲ್ಲಗೆ ಕುಸಿದು ಕೂತ.

"ಅಂದ್ರೆ ಇಷ್ಟು ವರ್ಷ ನಾನು ಬೀರಣ್ಣನ್ನ ಮೆಣಸಿನಕಾಯಿ ಜೊತೆ ಒಣಗಿಸ್ಬುಟ್ನಾ?"

"ಒಣಗಿಸಿದ್ರೇನ್ ಬುಡಿ ಅಯ್ಯಾ, ಕೆಡಕ್ ಬುಡ್ನಿಲ್ವಲ್ಲ" ಅಂದ ಮಾದಣ್ಣ.

ಗೋವಿಂದಯ್ಯ ಎದ್ದು ಬಂದು, ಸ್ಪೀಕರಿನ ಹಾರವನ್ನು ಬಿಚ್ಚಿ ಮಾದಣ್ಣನ ಕೊರಳಿಗೆ ಹಾಕಿದ. "ಬರೋ ವರ್ಷದಿಂದ ನೀನೇ ಆಡು. ಮಾದಪ್ಪ ಎದ್ದೋಗಂಗಿದ್ರೆ ನಿಮ್ಮಪ್ಪನ ಕಾಲದಲ್ಲೇ ಎದ್ದೋಯ್ತಿದ್ದ." ಆಮೇಲೆ ಹಿದಾಯತರನ್ನು ಪಕ್ಕಕ್ಕೆ ಕರೆದು, ಆಚೀಚೆ ನೋಡಿ, ದನಿ ತಗ್ಗಿಸಿದ. "ಸಾಬ್ರೆ, ಆ ಹಳೇ ಕಾರ್ಡು ಎಸೀಬ್ಯಾಡಿ. ಪಂಚಾಯ್ತಿ ಎಲೆಕ್ಷನ್ ಬತ್ತದೆ. ನಂದೂ ಒಂದ್ ಭಾಷಣ ಅದ್ರಲ್ಲಿ…"

ಅವನ ಮಾತು ಮುಗಿಯುವ ಮೊದಲು ಗುಡಿಯ ಹಿಂದಿನ ಒಲೆಗಳ ಕಡೆಯಿಂದ ಒಂದು ಇಂಪಾದ ಕೂಗು ಎದ್ದಿತು. ಇಡೀ ಪಂಕ್ತಿ, ಗೋವಿಂದಯ್ಯನೂ ಸೇರಿ, ಅಭ್ಯಾಸಬಲದಿಂದ ಕೈ ಮುಗಿದು ಎದ್ದು ನಿಂತಿತು.

ಕುಲ್ಸುಂ ಬಿ ಸೌಟು ಹಿಡಿದು ಹೊರಗೆ ಬಂದು ಎಲ್ಲರನ್ನೂ ನೋಡಿದರು.

"ಕೂತ್ಕೊಳ್ರಪ್ಪಾ. ಬೇಳೆ ಬೆಂತು."